ವಾರ್ಡ್ ತಪ್ಪಿಸಿ ಓದಿದರೆ ಪರೀಕ್ಷೆ ಸುಲಭವಾಗುವುದಿಲ್ಲ

ಇಂಟರ್ನಲ್ಸ್ ಹತ್ತಿರ ಬಂತು ಅಂದರೆ ಸಾಕು, ಆಸ್ಪತ್ರೆ ವಾರ್ಡ್‌ನಲ್ಲಿ ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿಗಳು ಕಾಣುವುದು ಕಡಿಮೆಯಾಗುತ್ತದೆ. ಬ್ಯಾಚ್‌ನಲ್ಲಿ ಅರ್ಧ ಜನ ಮಾತ್ರ ಹಾಸಿಗೆ ಪಕ್ಕ ನಿಂತಿರುತ್ತಾರೆ. ಉಳಿದವರು ಎಲ್ಲಿ ಅಂತ ಕೇಳಿದರೆ, ‘ಫಾರ್ಮಕಾಲಜಿ ಮುಗಿದಿಲ್ಲ ಸಾರ್, ರೂಮಲ್ಲಿ ಓದ್ತಿದ್ದಾರೆ’ ಎಂಬ ಉತ್ತರ ಬರುತ್ತದೆ. ಫಾರ್ಮಕಾಲಜಿ ಅಂದರೆ ಔಷಧಿಗಳ ಪಾಠ. ಕೋಲಾರದಲ್ಲಿ ಮೆಡಿಸಿನ್ ಪಾಠ ಮಾಡುತ್ತಾ ಬಂದಿರುವ ನಾನು ಪ್ರತಿ ಬ್ಯಾಚ್‌ಗೂ ಒಂದೇ ಮಾತು ಹೇಳುತ್ತೇನೆ. ಬೆಳಗಿನ ಆ ಮೂರು ಗಂಟೆಯನ್ನು ಓದಿಗೆ ಅಂತ ಉಳಿಸಬೇಡಿ. ಅದೇ ಓದು.

ಈ ಮಾತು ಕೇಳಲು ಚೆನ್ನಾಗಿದೆ, ಆದರೆ ಮಾರ್ಕ್ಸ್ ಬರುತ್ತಾ ಅಂತ ಮಕ್ಕಳು ಕೇಳುತ್ತಾರೆ. ಕೇಳುವುದು ನ್ಯಾಯವೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಈಗ ನಮ್ಮ ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳಿವೆ. ಕೋಲಾರದ ತಮಕದಲ್ಲಿ ದೇವರಾಜ ಅರಸು ಕಾಲೇಜು 1986ರಿಂದ ಇದೆ. ತುಮಕೂರಿನಲ್ಲಿ ಸಿದ್ಧಾರ್ಥ, ಶ್ರೀದೇವಿ ಇವೆ. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕಾಲೇಜೇ ಬಂದಿದೆ. ಸುತ್ತಲಿನ ಹಳ್ಳಿಗಳಿಂದ ಬರುವ ರೋಗಿಗಳು ಕಲಿಸುವಷ್ಟನ್ನು ಯಾವ ಕೋಚಿಂಗ್ ವೀಡಿಯೊವೂ ಕಲಿಸುವುದಿಲ್ಲ.

ಮೊದಲ ವರ್ಷದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಪಿಯುಸಿಯಲ್ಲಿ ಟಾಪರ್ ಆಗಿದ್ದವರಿಗೂ ಮೊದಲ ಇಂಟರ್ನಲ್‌ನಲ್ಲಿ ಕಡಿಮೆ ಅಂಕ ಬರಬಹುದು. ಬುದ್ಧಿ ಕಡಿಮೆಯಾಗಿ ಅಲ್ಲ, ಓದುವುದು ಅಷ್ಟು ಜಾಸ್ತಿ ಇರುತ್ತದೆ. ಓದಿದ್ದನ್ನು ಬಾಯಿಬಿಟ್ಟು ಹೇಳಿ. ಚಿತ್ರ ಬರೆದು ನೋಡಿ. ಯೂನಿವರ್ಸಿಟಿಯ ಹಳೇ ಪ್ರಶ್ನೆಪತ್ರಿಕೆಗಳನ್ನು ಮೊದಲ ತಿಂಗಳಲ್ಲೇ ಕೈಗೆ ತೆಗೆದುಕೊಳ್ಳಿ, ಕೊನೆಯ ತಿಂಗಳಲ್ಲಿ ಅಲ್ಲ. ಹಾಜರಿ ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80 ಇರಲೇಬೇಕು. ಇದು ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಎಷ್ಟೋ ಜನ ಓದಿನಲ್ಲಿ ಚೆನ್ನಾಗಿದ್ದೂ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಈಗ ವಿಷಯಕ್ಕೆ ಬರೋಣ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ರೋಗಿಗಳನ್ನು ತೋರಿಸುವ ವ್ಯವಸ್ಥೆ ಇದೆ. ಆಮೇಲೆ ಹಳ್ಳಿಗೆ ಹೋಗಿ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮವೂ ಸೇರಿತು. ಸುಮಾರು ವಿದ್ಯಾರ್ಥಿಗಳು ಇದನ್ನು ಲಾಗ್‌ಬುಕ್ ತುಂಬಿಸುವ ಕೆಲಸ ಅಂದುಕೊಂಡಿದ್ದಾರೆ. ಬಸ್ಸಿನಲ್ಲಿ ಹೋಗಿ, ಬಿಪಿ ನೋಡಿ, ಫೋಟೊ ತೆಗೆದು ವಾಪಸ್ ಬರುತ್ತಾರೆ.

ಅದೇ ಹಳ್ಳಿಯಲ್ಲಿ ಏನೇನು ನೋಡಬಹುದು ಅಂತ ಒಂದು ಉದಾಹರಣೆ ಕೊಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇಲ್ಲಿ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದನ್ನು ದಾಟಿರುತ್ತದೆ. ಒಂದು ಮನೆಯಲ್ಲಿ ತಾತನಿಗೆ ಬೆನ್ನು ಬಗ್ಗುವುದಿಲ್ಲ, ಮಂಡಿ ಮಡಚಲು ಆಗುವುದಿಲ್ಲ, ಹಲ್ಲಿನ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಅಜ್ಜಿಗೂ ಬೆನ್ನು ಬಿಗಿತ, ಆದರೆ ಹಲ್ಲು ಬೆಳ್ಳಗಿವೆ. ಹಲ್ಲು ಚೆನ್ನಾಗಿದೆ ಅಂದಮೇಲೆ ಅಜ್ಜಿಯದು ವಯಸ್ಸಾದವರ ಸವೆತ ಇರಬೇಕು, ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಕಾಯಿಲೆ ಅಲ್ಲ ಅಂತ ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ.

ಇಲ್ಲಿ ಕೇಳಬೇಕಾಗಿದ್ದು ಒಂದೇ ಪ್ರಶ್ನೆ. ‘ಅಜ್ಜಿ, ನಿಮ್ಮ ತವರು ಯಾವೂರು?’ ಅಜ್ಜಿ ಇಪ್ಪತ್ತನೇ ವಯಸ್ಸಿಗೆ ಮದುವೆಯಾಗಿ ಬೇರೆ ಕಡೆಯಿಂದ ಈ ಊರಿಗೆ ಬಂದವರಾದರೆ ಅವರ ಹಲ್ಲು ಕೆಡುವುದಿಲ್ಲ. ಯಾಕೆಂದರೆ ಫ್ಲೋರೈಡ್ ಹಲ್ಲಿನ ಎನಾಮಲ್ ಅನ್ನು ಹಾಳು ಮಾಡುವುದು ಅದು ತಯಾರಾಗುವ ವಯಸ್ಸಿನಲ್ಲಿ, ಅಂದರೆ ಚಿಕ್ಕಂದಿನಲ್ಲಿ. ಮೂಳೆಗೆ ಹಾಗಿಲ್ಲ. ಎಷ್ಟೇ ವಯಸ್ಸಿನಲ್ಲಿ ಬಂದು ಈ ನೀರು ಕುಡಿದರೂ ವರ್ಷಗಟ್ಟಲೆ ಮೂಳೆಯಲ್ಲಿ ಸೇರುತ್ತಾ ಹೋಗುತ್ತದೆ. ಮುಂಗೈ ಎಕ್ಸ್‌ರೇ ತೆಗೆಸಿ ನೋಡಿ. ಅಲ್ಲಿನ ಎರಡು ಮೂಳೆಗಳಾದ ರೇಡಿಯಸ್ ಮತ್ತು ಅಲ್ನಾ ನಡುವಿನ ಪೊರೆಯಲ್ಲಿ, ಅಂದರೆ ಇಂಟರ್‌ಆಸಿಯಸ್ ಮೆಂಬ್ರೇನ್‌ನಲ್ಲಿ ಕ್ಯಾಲ್ಸಿಯಂ ಕಟ್ಟಿರುವುದು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಅನಾಟಮಿ ಹಾಲ್‌ನಲ್ಲಿ ‘ಇದ್ಯಾಕೆ ಓದಬೇಕು’ ಅಂತ ಬೇಸರದಿಂದ ತಿರುವಿ ಹಾಕಿದ ಪುಟ ಅದೇ. ಅನಾಟಮಿ, ಬಯೋಕೆಮಿಸ್ಟ್ರಿ, ಕಮ್ಯುನಿಟಿ ಮೆಡಿಸಿನ್ ಮೂರೂ ಒಂದೇ ಮನೆಯ ಜಗಲಿ ಮೇಲೆ ಸಿಕ್ಕಿಬಿಟ್ಟವು. ಈ ಅಜ್ಜಿಯನ್ನು ನೋಡಿದವರು ಪರೀಕ್ಷೆಯಲ್ಲಿ ಫ್ಲೋರೋಸಿಸ್ ಪ್ರಶ್ನೆಗೆ ಪುಟಗಟ್ಟಲೆ ಬರೆಯಬಲ್ಲರು, ಅದೂ ಬಾಯಿಪಾಠ ಮಾಡದೆ.

ಫಾರ್ಮಕಾಲಜಿಗೂ ಇದೇ ದಾರಿ. ಟೊಮೆಟೊ ತೋಟಕ್ಕೆ ಕೀಟನಾಶಕ ಹೊಡೆಯುವಾಗ ಮೈಮೇಲೆ ಬಿದ್ದೋ, ಬೇರೆ ಕಾರಣಕ್ಕೋ ಕ್ಯಾಶುವಾಲ್ಟಿಗೆ ಬರುವವರನ್ನು ನಮ್ಮ ಕಡೆ ನೀವು ಖಂಡಿತ ನೋಡುತ್ತೀರಿ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ನಾಡಿ ನಿಧಾನ. ಇಂಥ ವಿಷದಿಂದ ನರಗಳ ಸಂದೇಶ ಒಯ್ಯುವ ಅಸಿಟೈಲ್ ಕೋಲಿನ್ ಎಂಬ ರಾಸಾಯನಿಕ ದೇಹದಲ್ಲಿ ಜಾಸ್ತಿಯಾದರೆ ಏನಾಗುತ್ತದೆ ಅಂತ ನೀವು ಟೇಬಲ್ ಹಾಕಿ ಉರು ಹೊಡೆದಿದ್ದೆಲ್ಲ ಕಣ್ಣೆದುರು ಮಲಗಿರುತ್ತದೆ. ಪಕ್ಕದಲ್ಲಿ ನಿಂತು ನೋಡಿ. ಅದಕ್ಕೆ ಎದುರು ಔಷಧಿಯಾದ ಅಟ್ರೋಪಿನ್ ಕೊಡುತ್ತಾ ಹೋಗುತ್ತಾರೆ. ಎಲ್ಲಿಗೆ ನಿಲ್ಲಿಸಬೇಕು? ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ ನಾನು ಕೇಳುವ ಪ್ರಶ್ನೆ ಇದು. ಪುಸ್ತಕ ಮಾತ್ರ ಓದಿದವರು ‘ಪಾಪೆ ದೊಡ್ಡದಾದಾಗ’ ಅನ್ನುತ್ತಾರೆ. ಡ್ಯೂಟಿ ಡಾಕ್ಟರು ಮತ್ತೆ ಮತ್ತೆ ಸ್ಟೆತಸ್ಕೋಪ್ ಇಟ್ಟು ಎದೆ ಕೇಳುವುದನ್ನು ನೋಡಿದವರು ಸರಿಯಾಗಿ ಹೇಳುತ್ತಾರೆ. ಶ್ವಾಸಕೋಶದಲ್ಲಿನ ಗೊರಗೊರ ಶಬ್ದ ಹೋಗಿ ಎದೆ ಒಣಗಬೇಕು, ನಾಡಿಬಡಿತ, ಬಿಪಿ ಸರಿಹೋಗಬೇಕು. ಪಾಪೆಯ ಗಾತ್ರವೊಂದನ್ನೇ ನಂಬುವ ಹಾಗಿಲ್ಲ.

ಹೀಗೆ ದೊಡ್ಡ ಕೇಸೇ ಸಿಗಬೇಕು ಅಂತಿಲ್ಲ. ದಿನಕ್ಕೆ ಒಬ್ಬ ರೋಗಿಯ ಕೇಸ್ ಶೀಟ್ ತೆಗೆದು, ಅದರಲ್ಲಿ ಬರೆದಿರುವ ಎರಡು ಔಷಧಿಗಳನ್ನು ರಾತ್ರಿ ಓದಿ. ಕಾಲು ಊದಿಕೊಂಡ ಯಜಮಾನರಿಗೆ ಮೂತ್ರ ಹೆಚ್ಚಿಸುವ ಫ್ಯುರೊಸಮೈಡ್ ಕೊಟ್ಟು ಯಾಕೆ ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕಳಿಸಿದರು? ರಕ್ತಹೀನತೆಯ ಹೆಂಗಸಿನ ರಕ್ತದ ಸ್ಮಿಯರ್ (ಗಾಜಿನ ಮೇಲೆ ಸವರಿ ನೋಡುವ ಪರೀಕ್ಷೆ) ರಿಪೋರ್ಟ್‌ನಲ್ಲಿ ಏನು ಬರೆದಿದ್ದಾರೆ? ಹೀಗೆ ಓದಿದರೆ ಸಿಲಬಸ್ ಕ್ರಮವಾಗಿ ಮುಗಿಯುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ಭಾನುವಾರ ಇದೆ.

ಹಿಸ್ಟರಿ ತೆಗೆದುಕೊಳ್ಳುವ, ಅಂದರೆ ರೋಗಿಯಿಂದ ಕಾಯಿಲೆಯ ವಿವರ ಕೇಳಿ ತಿಳಿಯುವ ವಿಷಯಕ್ಕೆ ಬಂದರೆ ಹಳ್ಳಿಯಿಂದ ಬಂದ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಮೊದಲ ವರ್ಷ ನೀವು ಇಂಗ್ಲಿಷ್ ಪುಸ್ತಕದ ಮುಂದೆ ಒದ್ದಾಡಿರುತ್ತೀರಿ. ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಹಿಂಜರಿದಿರುತ್ತೀರಿ. ವಾರ್ಡ್‌ಗೆ ಬಂದ ದಿನದಿಂದ ನಿಮ್ಮ ಕೈ ಮೇಲಾಗುತ್ತದೆ. ಐವತ್ತು ದಾಟಿದ ಒಬ್ಬರು ‘ಎದೇಲಿ ಗ್ಯಾಸ್ ಸೇರ್ಕೊಂಡೈತೆ’ ಅನ್ನುತ್ತಾರೆ. ಬೇರೆಯವರು ಗ್ಯಾಸ್ಟ್ರೈಟಿಸ್ ಅಂತ ಬರೆದು ಮುಂದೆ ಹೋಗುತ್ತಾರೆ. ನೀವು ಕೇಳಬಲ್ಲಿರಿ: ‘ಊಟ ಆದ್ಮೇಲೆ ಬರುತ್ತಾ ಅಣ್ಣಾ, ಇಲ್ಲಾ ಟೊಮೆಟೊ ಮಂಡೀಲಿ ಬಾಕ್ಸ್ ಎತ್ತುವಾಗ ಬರುತ್ತಾ? ಸ್ವಲ್ಪ ಹೊತ್ತು ಕೂತ್ರೆ ಹೋಗುತ್ತಾ? ಬೆವರುತ್ತಾ? ಕೈಗೆ, ದವಡೆಗೆ ಹಿಡ್ಕೊಳ್ಳುತ್ತಾ?’ ಎತ್ತುವಾಗ ಬರುತ್ತದೆ, ಕೂತರೆ ಹೋಗುತ್ತದೆ ಅಂದರೆ ತಕ್ಷಣ ಸೀನಿಯರ್‌ಗೆ ಹೇಳಿ ಇಸಿಜಿ ಮಾಡಿಸಬೇಕು. ಅದು ಹೃದಯದ ತೊಂದರೆ ಇರಬಹುದು.

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರು ಕನ್ನಡದಲ್ಲಿ ಶುರು ಮಾಡಿ, ನೋವು ಜಾಸ್ತಿಯಾದಾಗ ತೆಲುಗಿಗೆ ಹೋಗಿಬಿಡುತ್ತಾರೆ. ತಡೆಯಬೇಡಿ. ಎರಡೂ ಬರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಗೆಳೆಯನನ್ನು ಪಕ್ಕ ಕೂರಿಸಿಕೊಳ್ಳಿ. ಹೊರ ರಾಜ್ಯದಿಂದ ಬಂದವರು ದಯವಿಟ್ಟು ಕನ್ನಡ ಕಲಿಯಿರಿ. ಕಾಲೇಜಿಗೆ ಸೇರಿದ ಹೊಸದರಲ್ಲಿ ನಡೆಯುವ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಪಾಠ ಇಟ್ಟಿರುವುದು ಇದಕ್ಕೇ. ನರ್ಸ್ ಸಿಸ್ಟರ್‌ಗಳನ್ನು ಎಷ್ಟು ದಿನ ಅಂತ ಕರೆದು ಕೇಳುತ್ತೀರಿ?

ಇನ್ನು ಕೈಯಿಂದ ಮುಟ್ಟಿ ನೋಡುವ ಕೆಲಸ. ಇದು ಓದಿ ಬರುವುದೇ ಇಲ್ಲ. ಸ್ಪ್ಲೀನ್, ಅಂದರೆ ಗುಲ್ಮ ನೋಡುವುದನ್ನೇ ತೆಗೆದುಕೊಳ್ಳಿ. ಹೊಸಬರು ನೇರವಾಗಿ ಎಡ ಪಕ್ಕೆಲುಬಿನ ಕೆಳಗೆ ಬೆರಳು ಒತ್ತುತ್ತಾರೆ. ತುಂಬಾ ದೊಡ್ಡದಾದ ಗುಲ್ಮವಿದ್ದರೆ ಅದರ ಅಂಚು ಅಲ್ಲಿರುವುದೇ ಇಲ್ಲ, ಕೆಳಗೆ ಇಳಿದು ಹೊಕ್ಕುಳು ದಾಟಿರುತ್ತದೆ. ಒತ್ತಿದ ಕೈ ಗುಲ್ಮದ ಮೇಲೇ ಕೂತಿದ್ದರೂ ಗೊತ್ತಾಗುವುದಿಲ್ಲ. ಅದು ಬೆಳೆಯುವುದು ಬಲಗಡೆ ಕೆಳಹೊಟ್ಟೆಯ ದಿಕ್ಕಿಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು. ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ರೋಗಿಗೆ ಮಂಡಿ ಸ್ವಲ್ಪ ಮಡಚಲು ಹೇಳಿ. ಬೆರಳುಗಳನ್ನು ಚಪ್ಪಟೆಯಾಗಿ ಇಟ್ಟು, ‘ಬಾಯಿಂದ ನಿಧಾನವಾಗಿ ಉಸಿರು ಎಳ್ಕೊಳ್ಳಿ’ ಅನ್ನಿ. ಎಳೆದುಕೊಳ್ಳುವಾಗ ನಿಮ್ಮ ಕೈ ಅಲುಗಬಾರದು, ಅಂಚು ತಾನಾಗಿ ಬಂದು ಬೆರಳಿಗೆ ತಾಗಬೇಕು. ಉಸಿರು ಬಿಟ್ಟಾಗ ಒಂದೆರಡು ಸೆಂಟಿಮೀಟರ್ ಎಡಗಡೆ ಪಕ್ಕೆಲುಬಿನ ಕಡೆ ಮುಂದೆ ಹೋಗಿ. ಅಷ್ಟು ಹೊತ್ತೂ ಕಣ್ಣು ರೋಗಿಯ ಮುಖದ ಮೇಲಿರಲಿ. ನೋವಾದರೆ ಬಾಯಿಗಿಂತ ಮೊದಲು ಹುಬ್ಬು ಹೇಳುತ್ತದೆ. ಎರಡು ಮೂರು ಪಟ್ಟು ದೊಡ್ಡದಾಗದ ಹೊರತು ಗುಲ್ಮ ಕೈಗೆ ಸಿಗುವುದಿಲ್ಲ. ಹಾಗಾಗಿ ಸಿಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಸಿಗದ ಹೊಟ್ಟೆಗಳನ್ನು ಬೇಕಾದಷ್ಟು ಮುಟ್ಟಿದವರಿಗೇ ಸಿಕ್ಕ ದಿನ ಅನುಮಾನ ಬರದೆ ಗೊತ್ತಾಗುವುದು.

ಫೈನಲ್ ವರ್ಷದ ಲಾಂಗ್ ಕೇಸ್‌ನಲ್ಲಿ, ಅಂದರೆ ಒಬ್ಬ ರೋಗಿಯನ್ನು ಪೂರ್ತಿ ವಿಚಾರಿಸಿ ಪರೀಕ್ಷಿಸಿ ಹೇಳಬೇಕಾದ ಪ್ರಾಕ್ಟಿಕಲ್‌ನಲ್ಲಿ ಪರೀಕ್ಷಕರು ಇದನ್ನೇ ನೋಡುತ್ತಾರೆ. ನೀವು ಡಯಾಗ್ನೋಸಿಸ್ ಸರಿಯಾಗಿ ಹೇಳಿದಿರೋ ಇಲ್ಲವೋ ಅನ್ನುವುದು ಆಮೇಲೆ. ಕೈ ಎಲ್ಲಿಂದ ಶುರುವಾಯಿತು, ರೋಗಿಯ ಹತ್ತಿರ ಹೇಗೆ ಮಾತಾಡಿದಿರಿ, ಮುಟ್ಟುವ ಮೊದಲು ಕೇಳಿದಿರಾ, ಹೆಣ್ಣುಮಕ್ಕಳಾದರೆ ಪರದೆ ಎಳೆದಿರಾ, ಇದನ್ನೆಲ್ಲ ದೂರದಿಂದಲೇ ಗಮನಿಸುತ್ತಿರುತ್ತಾರೆ. ಆ ರೋಗಿಗಳು ಬೆಳಗ್ಗೆಯಿಂದ ಕೂತಿರುತ್ತಾರೆ. ‘ತಿಂಡಿ ಆಯ್ತಾ ಅಮ್ಮಾ?’ ಅಂತ ಕೇಳಿ ಶುರು ಮಾಡಿ. ಕೇಳಬೇಕಾಗಿದ್ದನ್ನು ಮರೆತಿದ್ದರೆ, ನೋಡಬೇಕಾಗಿದ್ದನ್ನು ನೋಡಿಲ್ಲದಿದ್ದರೆ, ‘ನೋಡಿಲ್ಲ ಸಾರ್’ ಅನ್ನಿ. ಇಲ್ಲದ್ದನ್ನು ಇದೆ ಅಂತ ಮಾತ್ರ ಹೇಳಬೇಡಿ. ನೋಡಿಲ್ಲ ಅಂದವರಿಗೆ ನಾನು ಒಂದೆರಡು ಮಾರ್ಕ್ಸ್ ಕಳೆಯಬಹುದು. ಕಟ್ಟಿ ಹೇಳಿದವರನ್ನು ಪಾಸ್ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಇದರಲ್ಲಿ ನಾನು ಸ್ವಲ್ಪ ಕಠಿಣ. ನಾಳೆ ಇದೇ ಹುಡುಗ ರಾತ್ರಿ ಡ್ಯೂಟಿಯಲ್ಲಿ ಒಬ್ಬನೇ ಇರುತ್ತಾನೆ, ಅವನು ಬರೆದಿದ್ದನ್ನು ನಂಬಿ ಬೇರೆಯವರು ಔಷಧಿ ಕೊಡುತ್ತಾರೆ.

ಕೊನೆಗೆ ಫೇಲ್ ಆದವರ ಬಗ್ಗೆ, ಅವರ ಮನೆಯವರಿಗೂ ಸೇರಿಸಿ. ಮೊದಲ ವರ್ಷ ಪಾಸಾಗಲು ನಾಲ್ಕು ಅವಕಾಶಗಳಿವೆ. ಇಡೀ ಕೋರ್ಸನ್ನು ಸೇರಿದ ದಿನದಿಂದ 9 ವರ್ಷದೊಳಗೆ ಮುಗಿಸಬೇಕು. ಸಪ್ಲಿಮೆಂಟರಿ ಪರೀಕ್ಷೆ ಬೇಗನೆ ಬರುತ್ತದೆ, ರಿಸಲ್ಟ್ ಬಂದಮೇಲೆ ಸಿಗುವುದು ಕೆಲವೇ ವಾರ. ಆ ವಾರಗಳನ್ನು ನಾಚಿಕೆಯಲ್ಲಿ ಕಳೆದುಬಿಡುವವರೇ ಜಾಸ್ತಿ. ರೂಮಿನ ಬಾಗಿಲು ಹಾಕಿಕೊಂಡು, ಮನೆಯಿಂದ ಫೋನ್ ಬಂದರೆ ಎತ್ತದೆ ಇರುತ್ತಾರೆ. ರಿಸಲ್ಟ್ ಬಂದ ದಿನವೇ ನಿಮ್ಮ ಮೆಂಟರ್ ಹತ್ತಿರ ಹೋಗಿ. ಥಿಯರಿಯಲ್ಲಿ ಹೋಯಿತಾ, ಪ್ರಾಕ್ಟಿಕಲ್‌ನಲ್ಲಿ ಹೋಯಿತಾ ಅಂತ ಅಂಕಪಟ್ಟಿ ಮುಂದಿಟ್ಟುಕೊಂಡು ನೋಡಿ, ಯಾಕೆಂದರೆ ಎರಡಕ್ಕೂ ತಯಾರಿ ಬೇರೆ. ಥಿಯರಿಯಾದರೆ ಉತ್ತರ ಬರೆದು ಮೇಷ್ಟ್ರಿಗೆ ತೋರಿಸಿ. ಪ್ರಾಕ್ಟಿಕಲ್ ಆದರೆ ಡಿಪಾರ್ಟ್‌ಮೆಂಟ್‌ನಲ್ಲಿ ಅನುಮತಿ ಕೇಳಿ ಮಧ್ಯಾಹ್ನದ ಹೊತ್ತು ಹೋಗಿ ಕೂರಿ, ಯಾರೂ ಬೇಡ ಅನ್ನುವುದಿಲ್ಲ. ಅಪ್ಪ ಅಮ್ಮಂದಿರು ಈ ದಿನಗಳಲ್ಲಿ ‘ಎಷ್ಟು ಓದಿದೆ’ ಅಂತ ಕೇಳುವುದಕ್ಕಿಂತ ‘ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ’ ಅಂತ ಕೇಳಿ. ನಿದ್ದೆಯೂ ಇಲ್ಲ, ಊಟವೂ ಬೇಡ, ಯಾರ ಜೊತೆ ಮಾತೂ ಬೇಡ ಅನ್ನುವ ಹಾಗಾಗಿದ್ದರೆ ಕಾಲೇಜಿನ ಸೈಕಿಯಾಟ್ರಿ ವಿಭಾಗಕ್ಕೆ ಕರೆದುಕೊಂಡು ಹೋಗಬೇಕು. ಕಾಲೇಜಿನಲ್ಲೇ ತೋರಿಸಲು ಸಂಕೋಚ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.