ಮೊದಲು ಬೀಳುವ ಗೋಡೆ ಯಾವುದು?

ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಒಂದಡಿ ದಪ್ಪದ ಮಣ್ಣು. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಓಣಿಗಳಲ್ಲಿ ಇಂಥ ಮಾಳಿಗೆ ಮನೆಗಳು ಈಗಲೂ ಇವೆ. ಆ ಮಣ್ಣಿನ ತೂಕ ಎಷ್ಟಿರಬಹುದು? ಗಟ್ಟಿಸಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಒಳಗೆ ಮಲಗಿದವರ ತಲೆಯ ಮೇಲೆ ಹೆಚ್ಚುಕಮ್ಮಿ 4.8 ಟನ್ ಕೂತಿದೆ. ಅದೇ ಕೋಣೆಗೆ ತಗಡು ಹೊದಿಸಿದರೆ ಪೈಪು ಸೇರಿಸಿದರೂ ನೂರು ಕಿಲೋ ದಾಟುವುದು ಕಷ್ಟ.

ಭೂಮಿ ಅಲುಗಿದಾಗ ನೆಲ ಪಕ್ಕಕ್ಕೆ ಸರಿಯುತ್ತದೆ. ಮೇಲಿನ ಭಾರ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವೆ ಸಿಕ್ಕಿಕೊಳ್ಳುವುದು ಗೋಡೆ. ಅಲುಗಾಟದ ವೇಗೋತ್ಕರ್ಷ (ವೇಗ ಬದಲಾಗುವ ದರ) ಗುರುತ್ವದ ಹತ್ತನೇ ಒಂದು ಭಾಗದಷ್ಟಿದ್ದರೂ ಸಾಕು, ಮಣ್ಣಿನ ಮಾಳಿಗೆ ಸುಮಾರು 480 ಕಿಲೋ ಭಾರದಷ್ಟು ಬಲದಿಂದ ಗೋಡೆಯನ್ನು ಪಕ್ಕಕ್ಕೆ ನೂಕುತ್ತದೆ. ಅದೂ ಒಮ್ಮೆ ಈ ಕಡೆ, ಮರುಕ್ಷಣ ಆ ಕಡೆ. ಮೇಲಿನ ಭಾರ ಹೊರಲು ಕಟ್ಟಿದ ಗೋಡೆಗೆ ಪಕ್ಕದ ನೂಕು ತಡೆಯುವ ಶಕ್ತಿ ಇರುವುದಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ತುಂಬಾ ದೂರ ಹೋಗಬೇಕಿಲ್ಲ. ಲಾತೂರ್ ಜಿಲ್ಲೆಯ ಕಿಲ್ಲಾರಿ ರಾಯಚೂರಿನಿಂದ ನೇರ ಗೆರೆ ಎಳೆದರೆ ಸುಮಾರು 220 ಕಿಲೋಮೀಟರ್. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇತ್ತು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಭೂಕಂಪದ ತೀವ್ರತೆ 6.2. ಸತ್ತವರು 8,000ಕ್ಕೂ 10,000ಕ್ಕೂ ನಡುವೆ ಎಂದು ಬೇರೆ ಬೇರೆ ಲೆಕ್ಕಗಳು ಹೇಳುತ್ತವೆ. ಅಷ್ಟು ಜನರನ್ನು ಕೊಂದದ್ದು ಕಲ್ಲು-ಮಣ್ಣಿನ ದಪ್ಪ ಗೋಡೆ ಮತ್ತು ಮಾಳಿಗೆ. ನಮ್ಮ ಕಡೆಯ ಮನೆಗಳಂಥವೇ ಮನೆಗಳು. ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರ ನಕ್ಷೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ನಮ್ಮ ಮೂರೂ ಜಿಲ್ಲೆಗಳು ಎರಡನೇ ವಲಯದಲ್ಲಿವೆ. ಅಪಾಯ ಕಡಿಮೆ, ನಿಜ. ಇಲ್ಲವೇ ಇಲ್ಲ ಎಂದು ಯಾವ ನಕ್ಷೆಯೂ ಹೇಳುವುದಿಲ್ಲ. 1843ರ ಏಪ್ರಿಲ್ 1ರಂದು ಬಳ್ಳಾರಿಯಲ್ಲೇ ನೆಲ ನಡುಗಿದ್ದು ಹಳೆಯ ಭೂಕಂಪಗಳ ಪಟ್ಟಿಯಲ್ಲಿ ಇದೆ. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ನೆಲ ಗುಡುಗಿ ಜನ ರಾತ್ರಿ ಹೊರಗೇ ಮಲಗಿದ್ದು ಬಹಳ ಮಂದಿಗೆ ನೆನಪಿರಬಹುದು.

ನಮ್ಮ ನೆಲದಡಿ ಇರುವ ಇಷ್ಟು ಹಳೆಯ ಗಟ್ಟಿ ಬಂಡೆ ಯಾಕೆ ಅಲುಗುತ್ತದೆ? ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಹತ್ತಿರ ಒತ್ತಿಕೊಳ್ಳುತ್ತಿದೆ. ಆ ಒತ್ತಡ ಒಳನಾಡಿಗೂ ಬರುತ್ತದೆ. ಒಳಗಿರುವ ಹಳೆಯ ಬಿರುಕುಗಳಲ್ಲಿ ಸೇರಿಕೊಂಡು, ಯಾವಾಗಲೋ ಒಮ್ಮೆ ಬಿಡುಗಡೆಯಾಗುತ್ತದೆ. ಗಟ್ಟಿ ಬಂಡೆಯಲ್ಲಿ ಅಲೆ ಬೇಗ ಸೊರಗುವುದೂ ಇಲ್ಲ, ದೂರದವರೆಗೆ ಹೋಗುತ್ತದೆ. ಮೇಲೆ ಎರೆ ಮಣ್ಣಿನಂಥ ಮೆತ್ತನೆ ನೆಲ ಆಳವಾಗಿದ್ದರೆ ಅಲುಗಾಟ ಇನ್ನೂ ಜಾಸ್ತಿಯಾಗಬಹುದು.

ಆನೆಗೊಂದಿ ಕಡೆ ಒಂದರ ಮೇಲೊಂದು ನಿಂತ ಗುಂಡುಬಂಡೆಗಳನ್ನು ತೋರಿಸಿ, 'ಭೂಕಂಪ ಆಗಿದ್ರೆ ಇವು ನಿಲ್ತಿದ್ವಾ?' ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ವಿಜ್ಞಾನಿಗಳು ಹೀಗೆ ತೂಗಿ ನಿಂತ ಬಂಡೆಗಳನ್ನೇ ಅಳೆದು, ಸಾವಿರಾರು ವರ್ಷಗಳಲ್ಲಿ ಅಲ್ಲಿ ಎಷ್ಟು ಜೋರು ಅಲುಗಾಟ ಆಗಿಲ್ಲ ಎಂದು ಅಂದಾಜು ಮಾಡಿದ್ದಾರೆ. ಆದರೆ ಬಂಡೆ ತಡೆದುಕೊಳ್ಳುವ ಅಲುಗಾಟವನ್ನು ಮಣ್ಣಲ್ಲಿ ಕಟ್ಟಿದ ಗೋಡೆ ತಡೆಯಲಾರದು. ಬಂಡೆ ನಿಂತಿದೆ ಎಂದು ಮನೆಯೂ ನಿಲ್ಲುತ್ತದೆ ಎನ್ನಲಾಗದು.

ಬಳ್ಳಾರಿ ಗುಡ್ಡದ ಬುಡದ ಒಂದು ಓಣಿಯಲ್ಲಿ ಮೂಲೆ ಕಳಚಿದ ಗೋಡೆಯೊಂದನ್ನು ನೋಡಿದ್ದೆ. ಹೊರಗಿನಿಂದ ಗಟ್ಟಿ ಗೋಡೆಯೇ, ಸಂದಿಗೆಲ್ಲ ಸಿಮೆಂಟ್ ಬಳಿದಿದ್ದರು. ಕಳಚಿದ ಕಡೆ ಮಾತ್ರ ಒಳಗಿನ ಸ್ಥಿತಿ ಕಾಣುತ್ತಿತ್ತು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಪುಡಿ ಮಣ್ಣು. ಎರಡು ಸಾಲನ್ನೂ ಹಿಡಿದಿಡುವ ಒಂದೇ ಒಂದು ಕಲ್ಲು ಇರಲಿಲ್ಲ. ಸಿಮೆಂಟ್ ಬೆರಳಿನ ದಪ್ಪವೂ ಒಳಗೆ ಹೋಗಿರಲಿಲ್ಲ. 'ಗ್ವಾಡಿ ಹೊಟ್ಟಿ ಬಿಟ್ಟೈತ್ರಿ, ಮಳಿಗಾಲದಾಗ ಏನಾಕ್ಕತೋ' ಎಂದರು ಮನೆಯ ಅಮ್ಮ. ಅವರು ಹೇಳಿದ್ದು ಭೂಕಂಪದ ಮಾತಲ್ಲ, ಆದರೆ ಕಾಯಿಲೆ ಒಂದೇ. ಇಂಥ ಗೋಡೆ ಮಳೆಗೆ ನೆನೆದು ಕುಸಿಯುತ್ತದೆ, ಅಲುಗಿದರೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಭೂಕಂಪ ನೂರು ವರ್ಷಕ್ಕೊಮ್ಮೆ ಬರಲಿ, ಬರದೇ ಇರಲಿ, ಮಳೆ ಪ್ರತಿವರ್ಷ ಬರುತ್ತದಲ್ಲ. ಹಾಗಾಗಿ ಗೋಡೆಗೆ ಹಾಕಿದ ದುಡ್ಡು ದಂಡ ಆಗುವುದಿಲ್ಲ.

ಮದ್ದು ದುಬಾರಿಯಲ್ಲ. ಗೋಡೆ ಕಟ್ಟುವಾಗ ಈ ಮುಖದಿಂದ ಆ ಮುಖದವರೆಗೆ ಮುಟ್ಟುವ ಉದ್ದ ಕಲ್ಲು ಇಡಬೇಕು. ಎತ್ತರದಲ್ಲಿ ಪ್ರತಿ ಎರಡಡಿಗೆ ಒಂದು ಸಾಲು, ಅಡ್ಡಕ್ಕೆ ನಾಲ್ಕಡಿಗೆ ಒಂದು ಕಲ್ಲು. ಭಾರತೀಯ ಮಾನಕವೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಇನ್ನೊಂದು, ಲಿಂಟಲ್ ಬ್ಯಾಂಡ್. ನಮ್ಮ ಗೌಂಡಿಗಳು ಬಾಗಿಲು, ಕಿಟಕಿ ಮೇಲೆ ಮಾತ್ರ ಲಿಂಟಲ್ ಹಾಕಿ ನಿಲ್ಲಿಸುತ್ತಾರೆ. ಅದನ್ನೇ ಎಲ್ಲೂ ಕಡಿಯದೆ ನಾಲ್ಕೂ ಗೋಡೆ ಸುತ್ತಿಸಿದರೆ ಮನೆಗೆ ಉಡಿದಾರ ಕಟ್ಟಿದ ಹಾಗೆ. ಎರಡು ಸರಳು, ಮೂರು ಇಂಚು ದಪ್ಪದ ಕಾಂಕ್ರೀಟು. ಮೂಲೆಯಲ್ಲಿ ಸರಳು ಬಾಗಿ ಪಕ್ಕದ ಗೋಡೆಗೆ ಹೋಗಬೇಕು, ಅಲ್ಲಿ ತುಂಡಾದರೆ ಹಾಕಿದ್ದೂ ವ್ಯರ್ಥ.

ಇರುವ ಮಾಳಿಗೆಯ ಮಾತು ಬೇರೆ. ಸೋರಬಾರದು ಎಂದು ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಹತ್ತಿಪ್ಪತ್ತು ವರ್ಷದಲ್ಲಿ ದಪ್ಪ ಎಷ್ಟಾಗಬಹುದು, ನೀವೇ ಯೋಚಿಸಿ. ಹಳೇ ಮಣ್ಣು ಕೆರೆದು ಇಳಿಸಿ, ಕೆಳಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಅರ್ಧ ಅಡಿ ಮಣ್ಣು ಹಾಕಿದರೆ ಸೋರುವುದೂ ನಿಲ್ಲುತ್ತದೆ, ಭಾರವೂ ಅರ್ಧಕ್ಕಿಳಿಯುತ್ತದೆ. ಮಣ್ಣು ಪೂರಾ ತೆಗೆದು ತಗಡು ಹಾಕಿ ಎಂದು ನಾನು ಹೇಳಲಾರೆ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ತಗಡಿನ ಕೆಳಗೆ ಮಗು, ಮುದುಕರು ಹೇಗಿರಬೇಕು? ತಗಡೇ ಇರುವ ಮನೆಯಲ್ಲಿ ಗಾಳಿಗೆ ಹಾರದಿರಲೆಂದು ಇಟ್ಟ ಕಲ್ಲುಗಳನ್ನು ಇಳಿಸಿ ಬೋಲ್ಟ್ ಹಾಕಿಸಿ. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ಒಂದು ಟನ್. ಅದು ಸಡಿಲ ಗೋಡೆಯ ತುದಿಯಲ್ಲಿ ಕೂರಬಾರದು.

ಅಲುಗಿದಾಗ ಏನು ಮಾಡುವುದು? ಮೊದಲು ಬರುವ ಅಲೆಗೂ ಮನೆ ಕೆಡವುವ ಅಲೆಗೂ, ಭೂಕಂಪ 20 ಕಿಲೋಮೀಟರ್ ದೂರದಲ್ಲಾದರೆ, ಎರಡು-ಮೂರು ಸೆಕೆಂಡ್ ಅಷ್ಟೇ ಅಂತರ. ಗಟ್ಟಿ ಕಾಂಕ್ರೀಟ್ ಕಟ್ಟಡದಲ್ಲಿದ್ದರೆ ಮೇಜಿನ ಕೆಳಗೆ ಕೂತು ತಲೆ ಕಾಯ್ದುಕೊಳ್ಳುವುದೇ ಸರಿ. ಮಣ್ಣಿನ ಮಾಳಿಗೆಯ ಒಂದೇ ಅಂತಸ್ತಿನ ಮನೆಯಲ್ಲಿ, ಬಾಗಿಲು ಪಕ್ಕದಲ್ಲೇ ಇದ್ದು ಹೊರಗೆ ಬಯಲಿದ್ದರೆ, ಓಡುವುದು ಮೇಲು. ಆದರೆ ರಾತ್ರಿ ಆ ಒಂದೇ ಬಾಗಿಲಿಗೆ ಬೈಕು, ಕೊಡ, ಸಿಲಿಂಡರ್ ಅಡ್ಡ ಇರುತ್ತವೆ. ಹೊರಗೆ ಮೂರಡಿ ಸಂದಿ, ಎರಡೂ ಕಡೆ ಅಂಥದೇ ಗೋಡೆ. ಹಾಗಾಗಿ ಒಬ್ಬರ ಮನೆ ಗಟ್ಟಿಯಾದರೆ ಸಾಲದು, ಇಡೀ ಓಣಿಯೇ ಬಯಲು ಸೇರುವ ದಾರಿಯನ್ನು ತೆರವಾಗಿಟ್ಟುಕೊಳ್ಳಬೇಕು.

ಇದೆಲ್ಲ ಗೊತ್ತಿದ್ದರೂ ಹಕ್ಕುಪತ್ರ ಇಲ್ಲದವರು ಗೋಡೆಗೆ ದುಡ್ಡು ಹಾಕಲು ಹಿಂದೆಮುಂದೆ ನೋಡುತ್ತಾರೆ. ನಾಳೆ ಎಬ್ಬಿಸಿಬಿಟ್ಟರೆ? ಆ ಭಯ ನ್ಯಾಯವಾದದ್ದು. ಅದಕ್ಕೇ ಹಕ್ಕುಪತ್ರ ಕೊಡುವುದನ್ನು ನಾನು ಭೂಕಂಪ ತಯಾರಿಯ ಮೊದಲ ಕೆಲಸ ಎಂದು ಎಣಿಸುತ್ತೇನೆ. ಸರ್ಕಾರದ ನೆರವಿನಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಫೋಟೊ ತೆಗೆದು ಕಂತು ಬಿಡುಗಡೆ ಮಾಡುವ ಪದ್ಧತಿ ಈಗಾಗಲೇ ಇದೆ. ಲಿಂಟಲ್ ಹಂತದ ಫೋಟೊವನ್ನು ಕಾಂಕ್ರೀಟ್ ಸುರಿಯುವ ಮೊದಲೇ ತೆಗೆದು, ನಾಲ್ಕೂ ಮೂಲೆಯಲ್ಲಿ ಸರಳು ಬಾಗಿರುವುದು ಅದರಲ್ಲಿ ಕಾಣಬೇಕು ಎಂದು ಒಂದು ಷರತ್ತು ಸೇರಿಸಲು ಹೆಚ್ಚು ಖರ್ಚೇನೂ ಬರುವುದಿಲ್ಲ.