ಓದುಗರ ಪ್ರಶ್ನೆ: ಕಾಲ್ಪನಿಕ ರಾಜ್ಯಕ್ಕೆ ರಾಜ, ಮಂತ್ರಿ, ಸೇನಾಪತಿ ಸಾಲದೇ?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ರಾಜ, ಮಂತ್ರಿ, ಸೇನಾಪತಿ, ರಾಜಗುರು ಎಲ್ಲರೂ ಇದ್ದಾರೆ. ಆದರೆ ಓದಿದವರೆಲ್ಲ ‘ರಾಜ್ಯ ನಿಜ ಅನ್ನಿಸುತ್ತಿಲ್ಲ’ ಅನ್ನುತ್ತಾರೆ. ಆಡಳಿತವನ್ನು ಎಲ್ಲಿಂದ ಕಟ್ಟುತ್ತಾ ಬರಬೇಕು?

ಉತ್ತರ: ಊರಿನ ಲೆಕ್ಕ ಬರೆಯುವವನಿಂದ.

ಈ ಪ್ರಶ್ನೆ ಹೊಸ ಬರಹಗಾರರಿಂದ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರು ಸಿಂಹಾಸನದಿಂದ ಶುರುಮಾಡಿ ಕೆಳಗಿಳಿಯಲು ನೋಡುತ್ತಾರೆ, ಮಂತ್ರಿಯ ಹತ್ತಿರ ಬರುವಷ್ಟರಲ್ಲಿ ನಿಂತುಬಿಡುತ್ತಾರೆ. ಆಮೇಲೆ ರಾಜ ಆಜ್ಞೆ ಮಾಡುತ್ತಾನೆ, ಮುಂದಿನ ಸಾಲಿನಲ್ಲಿ ಅದು ನಡೆದೇಹೋಗಿರುತ್ತದೆ. ಓದುಗ ಅದನ್ನು ನಂಬುವುದಿಲ್ಲ. ಆಜ್ಞೆಗೂ ಕೆಲಸಕ್ಕೂ ನಡುವೆ ಎಷ್ಟು ಮೇಜು ದಾಟಬೇಕು ಅನ್ನುವುದು ಒಂದು ಖಾತೆ ಬದಲಾವಣೆಗೆ ಅಲೆದವರಿಗೆಲ್ಲ ಗೊತ್ತು.

ಹಳೇ ಮೈಸೂರು ಸೀಮೆಯ ಒಂದು ಹಳ್ಳಿಯನ್ನೇ ನೋಡಿ. ಗೌಡನಿದ್ದ, ಲೆಕ್ಕ ಬರೆಯಲು ಶಾನುಭೋಗನಿದ್ದ, ಕಾವಲಿಗೆ ತಳವಾರನಿದ್ದ, ಕೆರೆ ನೀರನ್ನು ಗದ್ದೆ ಗದ್ದೆಗೂ ಹಂಚುವ ನೀರುಗಂಟಿಯಿದ್ದ. ಇವರಿಗೆ ತಿಂಗಳ ಸಂಬಳವಿರಲಿಲ್ಲ; ಇನಾಂ ಜಮೀನು, ಕಣದಲ್ಲಿ ಅಳೆದುಕೊಡುವ ಧಾನ್ಯದ ಪಾಲು, ಅಂದರೆ ಆಯ, ಇವೇ ಆಧಾರ. ಶಾನುಭೋಗನ ಕೈಯಲ್ಲಿದ್ದುದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬರೆಯುವುದು ಬಳಪದಲ್ಲಿ. ಅಂದಮೇಲೆ ಅಳಿಸಿ ಮತ್ತೆ ಬರೆಯಲೂ ಬರುತ್ತದೆ! ಯಾವ ಹೊಲ ಯಾರದು, ಯಾರು ಎಷ್ಟು ಕಂದಾಯ ಬಾಕಿ ಉಳಿಸಿಕೊಂಡಿದ್ದಾರೆ ಅನ್ನುವುದೆಲ್ಲ ಅದರಲ್ಲಿತ್ತು. ಈ ಕೆಲಸ ವಂಶಪಾರಂಪರ್ಯ. ರಾಜ ಬದಲಾದರೂ, ಇಡೀ ರಾಜವಂಶವೇ ಬದಲಾದರೂ ಹೊಸಬರಿಗೆ ಕಂದಾಯ ಬೇಕು, ಕಂದಾಯಕ್ಕೆ ಲೆಕ್ಕ ಬೇಕು, ಲೆಕ್ಕ ಅದೇ ಮನೆಯಲ್ಲಿದೆ. ನಿಮ್ಮ ಕಾದಂಬರಿಯಲ್ಲಿ ಕತ್ತಿ ಹಿಡಿದವರು ಎಷ್ಟೇ ಜನರಿರಲಿ, ಇಂಥ ಒಂದು ಮನೆ ಇದ್ದರೆ ರಾಜ್ಯಕ್ಕೆ ನೆಲ ಸಿಕ್ಕಿತು.

ಇನ್ನು ರಾಜಧಾನಿಯ ಕಚೇರಿಗಳು. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ್ದರು. ಅದೇ ಅಠಾರಾ ಕಚೇರಿ. ಸುಂಕದ ಚಾವಡಿ, ದೇವಸ್ಥಾನದ ಚಾವಡಿಗಳಿದ್ದದ್ದು ಸಹಜ. ಕಬ್ಬಿಣಕ್ಕೊಂದು, ಹೊಗೆಸೊಪ್ಪಿಗೊಂದು ಚಾವಡಿ ಬೇರೆ ಇತ್ತು. ಬೇಹಿನ ಚಾವಡಿಯಲ್ಲಿ ಅಂಚೆಯೂ ಗೂಢಚರ್ಯೆಯೂ ಒಟ್ಟಿಗೆ ಇದ್ದವು. ಕಾಗದ ತರುವವನೇ ಸುದ್ದಿ ಕದಿಯುವವನೂ ಆಗಿರುವ ಊರಿನಲ್ಲಿ ಪ್ರೇಮಪತ್ರ ಬರೆಯುವ ಪಾತ್ರವೊಂದನ್ನು ಕಲ್ಪಿಸಿಕೊಳ್ಳಿ, ಕಥೆ ತಾನಾಗಿ ಹುಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ ಅದು. ಟಿಪ್ಪುವಿನ ಕಾಲಕ್ಕೆ ಅದೇ ಅಮೃತ್ ಮಹಲ್ ಆಯಿತು, ಅದರ ಎತ್ತುಗಳು ಸೈನ್ಯದ ತೋಪುಗಳನ್ನು ಎಳೆದವು. ಬೆಣ್ಣೆಯ ಕಚೇರಿ ಯುದ್ಧದ ಕಚೇರಿಯಾದ ಬಗೆ ಇದು. ನಿಮ್ಮ ರಾಜ್ಯದಲ್ಲಿ ಡ್ರ್ಯಾಗನ್‌ಗಳಿದ್ದರೆ ಅವಕ್ಕೂ ಒಂದು ಚಾವಡಿ ಬೇಕೇ ಬೇಕು. ಅವುಗಳ ಮೇವಿಗೆ ಕುರಿ ಕೊಡುವ ಹಳ್ಳಿ ಯಾವುದು, ಬರಗಾಲದಲ್ಲೂ ಕೊಡಲೇಬೇಕೇ, ಸತ್ತ ಮರಿಯನ್ನು ಲೆಕ್ಕದಿಂದ ತೆಗೆಯುವ ಅಧಿಕಾರ ಯಾರಿಗೆ? ಡ್ರ್ಯಾಗನ್ ಬೆಂಕಿ ಉಗುಳುವುದಕ್ಕಿಂತ ಈ ಪ್ರಶ್ನೆಗಳೇ ಅದನ್ನು ನಂಬುವಂತೆ ಮಾಡುತ್ತವೆ.

ಲಂಚ, ಕಳ್ಳಲೆಕ್ಕ ಇಲ್ಲದ ಆಡಳಿತ ಬರೆಯಬೇಡಿ. ಕೌಟಿಲ್ಯನ ಅರ್ಥಶಾಸ್ತ್ರ ಸರ್ಕಾರಿ ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡುತ್ತದೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತು ಅಂತ ಹೇಗೆ ತಿಳಿಯದೋ, ಅಧಿಕಾರಿ ಯಾವಾಗ ಹಣ ತಿಂದ ಅನ್ನುವುದೂ ಹಾಗೇ ತಿಳಿಯದು ಎನ್ನುತ್ತದೆ. ಅದೇ ಗ್ರಂಥದಲ್ಲಿ ಮಂತ್ರಿಗೆ 48,000 ಪಣ, ತೀರ ಕೆಳಗಿನ ಆಳಿಗೆ 60 ಪಣ ಸಂಬಳ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟೋ ಪಾತ್ರಗಳಿಗೆ ಜಾಗವಿದೆ.

ನೇಮಕಾತಿ ಹೇಗೆ ಅನ್ನುವುದನ್ನೂ ತೀರ್ಮಾನಿಸಿ, ಯಾಕೆಂದರೆ ಅಧಿಕಾರಿ ಯಾರ ಋಣದಲ್ಲಿದ್ದಾನೆ ಅನ್ನುವುದು ಅಲ್ಲೇ ಗೊತ್ತಾಗುವುದು. ಚೀನಾದಲ್ಲಿ 1905ರವರೆಗೂ ಪರೀಕ್ಷೆಯಿತ್ತು. ಸಾಂಗ್ ವಂಶದ ಕಾಲದಲ್ಲಿ ಹೆಸರು ಮುಚ್ಚುವುದಷ್ಟೇ ಅಲ್ಲ, ಕೈಬರಹದ ಗುರುತೂ ಸಿಗಬಾರದೆಂದು ಉತ್ತರಗಳನ್ನು ಗುಮಾಸ್ತರಿಂದ ಮರುಬರೆಸಿ ಮೌಲ್ಯಮಾಪನಕ್ಕೆ ಕೊಡುತ್ತಿದ್ದರು. ಆಟೊಮನ್ನರು ಬಾಲ್ಕನ್ ಹಳ್ಳಿಗಳಿಂದ ಕ್ರೈಸ್ತ ಹುಡುಗರನ್ನು ಎಳೆದು ತಂದು, ಮತಾಂತರಿಸಿ ತರಬೇತಿ ಕೊಡುತ್ತಿದ್ದರು. ಅವರಲ್ಲಿ ಕೆಲವರು ಪ್ರಧಾನ ವಜೀರರೇ ಆದರು. ಮನೆಯಿಂದ ಕಿತ್ತುತಂದ ಹುಡುಗನೇ ಮುಂದೆ ತನ್ನ ಹುಟ್ಟೂರಿನ ಮೇಲೆ ತೆರಿಗೆ ಹಾಕುವ ಆಜ್ಞೆಗೆ ಮುದ್ರೆ ಒತ್ತಬೇಕಾಗಿ ಬಂದರೆ? ಇದನ್ನು ಯಾರಾದರೂ ಕನ್ನಡದಲ್ಲಿ ಬರೆಯಲಿ ಅಂತ ನನಗೆ ತುಂಬ ಆಸೆ.

ಮಾಂತ್ರಿಕ ಶಕ್ತಿ ಇಟ್ಟುಕೊಳ್ಳುವಾಗ ಮಾತ್ರ ಎಚ್ಚರ. ಇಂಕಾ ಸಾಮ್ರಾಜ್ಯಕ್ಕೆ ನಮ್ಮಂಥ ಲಿಪಿಯಿರಲಿಲ್ಲ, ಗಂಟು ಹಾಕಿದ ದಾರಗಳಲ್ಲಿ ಲೆಕ್ಕವಿಟ್ಟು, ಓಟಗಾರರ ಸರದಿಯಲ್ಲಿ ಸುದ್ದಿ ಕಳಿಸಿ ಆಂಡಿಸ್ ಬೆಟ್ಟಗಳನ್ನು ಆಳಿದರು. ದೂರ ಅನ್ನುವುದು ಗಡಿಯ ಅಧಿಕಾರಿಗೆ ಕೊಡುವ ಸ್ವಾತಂತ್ರ್ಯ ದೊಡ್ಡದು. ನಿಮ್ಮ ಮಂತ್ರಗನ್ನಡಿ ಕ್ಷಣದಲ್ಲಿ ಸುದ್ದಿ ಮುಟ್ಟಿಸುವುದಾದರೆ ಅವನ ಆ ಸ್ವಾತಂತ್ರ್ಯ ಹೋಯಿತು, ಅದರ ಜೊತೆಗೆ ಅರ್ಧ ಕಥೆಯೂ ಹೋಯಿತು. ಕನ್ನಡಿ ದುಬಾರಿಯಾಗಿರಲಿ, ಅದರ ಕೀಲಿ ಒಬ್ಬ ಗುಮಾಸ್ತನ ಹತ್ತಿರವಿರಲಿ.

ಈಗ ನಿಮ್ಮ ಹಸ್ತಪ್ರತಿಯಿಂದ ಒಂದೇ ಒಂದು ಆಜ್ಞೆ ಆರಿಸಿಕೊಳ್ಳಿ, ಬರ ಬಿದ್ದ ಹಳ್ಳಿಗೆ ಕಂದಾಯ ಮಾಫಿ ಅಂತಿಟ್ಟುಕೊಳ್ಳಿ. ರಾಜನ ಬಾಯಿಂದ ಹೊರಟು ನೀರುಗಂಟಿಯ ಕಿವಿಗೆ ಬೀಳುವ ತನಕ ಅದನ್ನು ಮುಟ್ಟುವ ಪ್ರತಿಯೊಬ್ಬನ ಹೆಸರು ಬರೆಯಿರಿ. ಆ ಮಾಫಿಯಿಂದ ಯಾರಿಗೆ ನಷ್ಟವೋ ಅವನ ಮೇಜಿನ ಮೇಲೆ ಅದು ಮೂರು ತಿಂಗಳು ಕೂತಿರುತ್ತದೆ. ಮುಂದಿನ ಅಧ್ಯಾಯವನ್ನು ಆ ಕಚೇರಿಯಿಂದ ಶುರುಮಾಡಿ.