ರವದಿ, ವಿನೆಗರ್ ಮತ್ತು ಹವಳದ ತೊಟ್ಟಿ

ಮುಧೋಳದ ಕಡೆಯಿಂದ ಅಣ್ಣ ಬಂದಿದ್ದ. ಬೆಳಗಿನ ಚಹಾ ಕುಡಿಯುತ್ತ, ನಾನು ಸಿರಿಂಜಿನಲ್ಲಿ ಬಿಳಿ ವಿನೆಗರ್ ಎಳೆದು ಹವಳದ ತೊಟ್ಟಿಗೆ ಹನಿಹನಿಯಾಗಿ ಬಿಡುವುದನ್ನು ನೋಡಿದ.

"ನೀರು ಸ್ವಚ್ಛ ಆಗ್ಲಿ ಅಂತ ಹುಳಿ ಹಾಕಾಕತ್ತಿ ಏನ ತಮ್ಮಾ?"

"ಹುಳಿ ಅಲ್ಲಣ್ಣಾ, ಬ್ಯಾಕ್ಟೀರಿಯಾಕ್ಕ ಊಟ."

ಅವನಿಗೆ ನಂಬಿಕೆ ಬರಲಿಲ್ಲ. ಹೊಲಸಾದ ನೀರಿಗೆ ಇನ್ನಷ್ಟು ಊಟ ಹಾಕಿದರೆ ಸ್ವಚ್ಛ ಆಗುವುದು ಹೇಗೆ? ಆಗ ಅವನ ಹೊಲದ್ದೇ ಮಾತು ತೆಗೆದೆ. ಹೋದ ವರ್ಷ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣ ಸೋಗೆಯನ್ನು, ಅಂದರೆ ರವದಿಯನ್ನು, ಸುಡದೆ ಮಣ್ಣಿಗೆ ಸೇರಿಸಿ, ಬೆನ್ನಿಗೇ ಗೋವಿನಜೋಳ ಬಿತ್ತಿದ್ದ. ಮೂರು ವಾರದಲ್ಲಿ ಪೈರು ಹಳದಿ ತಿರುಗಿತು. ಯೂರಿಯಾ ಕೊಟ್ಟ ಮೇಲೆಯೇ ಹಸಿರಾದದ್ದು. ಮಣ್ಣಿನಲ್ಲಿದ್ದ ಸಾರಜನಕ ಎಲ್ಲಿ ಹೋಗಿತ್ತು? ರವದಿ ಎಂದರೆ ಬಹುಪಾಲು ಇಂಗಾಲ, ಅದರಲ್ಲಿ ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಹೊಟ್ಟೆತುಂಬ ಸಿಕ್ಕಿತು, ಮೈ ಕಟ್ಟಲು ಸಾರಜನಕ ಸಾಲಲಿಲ್ಲ. ಮಣ್ಣಿನಲ್ಲಿ ನೈಟ್ರೇಟ್ ರೂಪದಲ್ಲಿದ್ದ ಸಾರಜನಕವನ್ನೆಲ್ಲ ಎಳೆದುಕೊಂಡವು. ಪೈರಿಗೆ ಉಳಿಯಲಿಲ್ಲ. ಹೊಲದಲ್ಲಿ ಅಣ್ಣನಿಗೆ ನಷ್ಟ ತಂದ ಇದೇ ಕೆಲಸವನ್ನು ತೊಟ್ಟಿಯಲ್ಲಿ ನಾನು ಬೇಕೆಂದೇ ಮಾಡಿಸುತ್ತೇನೆ.

ಬಾಗಲಕೋಟೆಯ ನವನಗರದ ಮನೆಯಲ್ಲಿ ಸಮುದ್ರ ಸಾಕುವುದು ಸುಲಭವಲ್ಲ. ಬೋರಿನ ನೀರು ಗಡಸು, ಹಾಗಾಗಿ ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಬೇಕು. 200 ಲೀಟರಿನ ತೊಟ್ಟಿಯಲ್ಲಿ ಎರಡು ಕ್ಲೌನ್ ಮೀನು, ಒಂದಷ್ಟು ಮೆದುಹವಳ. ಬಂಡೆ ಕಟ್ಟುವ ಕಲ್ಲುಹವಳಗಳನ್ನು ನಮ್ಮ ಕಡಲಿನಿಂದ ಕೀಳುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅವು ಹುಲಿ, ಆನೆಗಳ ಜೊತೆಗೆ ಮೊದಲ ಪರಿಶಿಷ್ಟದಲ್ಲಿವೆ. ಕಡಲಲ್ಲೇ ಇರಬೇಕಾದವು ಅವು.

ಮೀನಿಗೆ ಹಾಕಿದ ಆಹಾರ ಕೊನೆಗೆ ಅಮೋನಿಯಾ ಆಗುತ್ತದೆ. ಕಲ್ಲುಗಳ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಸಾಮಾನ್ಯವಾಗಿ ದಾರಿ ಮುಗಿಯಿತು, ನೈಟ್ರೇಟ್ ದಿನದಿನಕ್ಕೂ ಏರುತ್ತ ಹೋಗುತ್ತದೆ. ನನ್ನ ತೊಟ್ಟಿಯಲ್ಲಿ ಅದು ಲೀಟರಿಗೆ 50 ಮಿಲಿಗ್ರಾಂ ಮುಟ್ಟಿತ್ತು. ಕುಡಿಯುವ ನೀರಿಗೆ ನಮ್ಮ ದೇಶ ಇಟ್ಟಿರುವ ಮಿತಿಯೇ 45. ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಪರೀಕ್ಷೆಯ ಗಾಜಿನ ನಳಿಗೆಯಲ್ಲಿ ನೀರು ಕಡುಗುಲಾಬಿಗೆ ತಿರುಗಿದಾಗ, ಕಲ್ಲಿನ ಮೇಲೆಲ್ಲ ಹಬ್ಬಿದ್ದ ಪಾಚಿಗೆ ಕಾರಣ ಗೊತ್ತಾಯಿತು.

ಅಮೆರಿಕದ ಸಾಗರವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಗುರುತಿಸಿ ಮುಂದೆ ತಿದ್ದಿದ ಒಂದು ಲೆಕ್ಕವಿದೆ. ಕಡಲಿನ ತೇಲುಜೀವಿಗಳ ಮೈಯಲ್ಲಿ ಸರಾಸರಿ 106 ಇಂಗಾಲದ ಪರಮಾಣುಗಳಿಗೆ 16 ಸಾರಜನಕ, 1 ರಂಜಕ ಇರುತ್ತವೆ. ಬ್ಯಾಕ್ಟೀರಿಯಾದ ಪ್ರಮಾಣ ತುಸು ಬೇರೆಯಾದರೂ ತತ್ವ ಅದೇ. ನನ್ನ ನೀರಿನಲ್ಲಿ ಸಾರಜನಕ, ರಂಜಕ ಎರಡೂ ಬೇಕಾದಷ್ಟಿದ್ದವು. ಸುಲಭವಾಗಿ ತಿನ್ನಲು ಬರುವ ಇಂಗಾಲ ಮಾತ್ರ ಇರಲಿಲ್ಲ. ಶೇ 5ರ ವಿನೆಗರಿನ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇಂಗಾಲವಿದೆ. ಅದು ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೆಳೆಯುತ್ತ ನೈಟ್ರೇಟಿನ ಸಾರಜನಕ, ಫಾಸ್ಫೇಟಿನ ರಂಜಕ ಎರಡನ್ನೂ ಮೈಯೊಳಗೆ ಎಳೆದುಕೊಳ್ಳುತ್ತವೆ. ಕೆಲವರು ವೋಡ್ಕಾ ಹಾಕುತ್ತಾರೆ. ಅದರಲ್ಲಿ ಇಂಗಾಲ ಎಂಟು ಪಟ್ಟು, ಅಳತೆ ತಪ್ಪಿದರೆ ಪೆಟ್ಟೂ ಎಂಟು ಪಟ್ಟು.

"ಬೆಲ್ಲ ಹಾಕಿದ್ರ ನಡಿಯಾಂಗಿಲ್ಲೇನ? ಮಹಾಲಿಂಗಪುರ ಪೇಟ್ಯಾಗ ಬೇಕಾದಷ್ಟು ಸಿಗ್ತೈತಿ" ಎಂದ ಅಣ್ಣ.

ಒಳ್ಳೆಯ ಪ್ರಶ್ನೆ. ಬಯೋಫ್ಲಾಕ್ ಪದ್ಧತಿಯ ಮೀನು ಸಾಕಣೆಯಲ್ಲಿ ಬೆಲ್ಲ, ಕಾಕಂಬಿಯನ್ನೇ ಹಾಕುತ್ತಾರೆ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮುದ್ದೆಗಳನ್ನು ತಿಲಾಪಿಯಾ, ಸಿಗಡಿ ತಿನ್ನುತ್ತವೆ. ಆದರೆ ಬೆಲ್ಲ ತನ್ನ ಜೊತೆಗೆ ಬಣ್ಣವನ್ನೂ ರಂಜಕವನ್ನೂ ತರುತ್ತದೆ. ಯಾವುದನ್ನು ತೆಗೆಯಬೇಕೆಂದು ಹೊರಟಿದ್ದೇವೋ ಅದನ್ನೇ ಮತ್ತೆ ಸೇರಿಸಿದಂತೆ.

ಬ್ಯಾಕ್ಟೀರಿಯಾ ಬೆಳೆದರೆ ಅರ್ಧ ಕೆಲಸವಷ್ಟೇ ಆಯಿತು. ತೊಟ್ಟಿಯಲ್ಲೇ ಸತ್ತರೆ ತಿಂದದ್ದೆಲ್ಲ ಮತ್ತೆ ನೀರಿಗೇ ಬರುತ್ತದೆ. ಒಂದಷ್ಟನ್ನು ಹವಳ, ಸ್ಪಂಜುಗಳು ಸೋಸಿ ತಿನ್ನುತ್ತವೆ. ಕಲ್ಲಿನ ಒಳಗೆ, ಆಮ್ಲಜನಕ ಸಿಗದ ಕಡೆ ಇರುವ ಬ್ಯಾಕ್ಟೀರಿಯಾ ಇದೇ ಇಂಗಾಲ ಬಳಸಿ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಉಳಿದದ್ದನ್ನು ಹೊರಹಾಕುವುದು ಪ್ರೋಟೀನ್ ಸ್ಕಿಮ್ಮರ್. ಗಾಣದ ಮನೆಯಲ್ಲಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ ಹಾಕಿ, ಮೇಲೆದ್ದ ಹೊಲಸು ನೊರೆಯನ್ನು ಜಾಲರಿಯಿಂದ ತೆಗೆಯುತ್ತಾರಲ್ಲ, ಸ್ಕಿಮ್ಮರ್ ಮಾಡುವುದೂ ಅಂಥದ್ದೇ. ಇಲ್ಲಿ ಕುದಿಯಿಲ್ಲ, ಸಣ್ಣ ಗಾಳಿಗುಳ್ಳೆಗಳಿವೆ. ಅವುಗಳ ಮೈಗೆ ಅಂಟಿಕೊಂಡ ಕಸ ಕೊಳವೆಯಲ್ಲಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ವಿನೆಗರ್ ಶುರುಮಾಡಿದ ಮೂರನೇ ವಾರ ಆ ಬಟ್ಟಲಲ್ಲಿ ಕಡುಚಹಾದ ಬಣ್ಣದ ನೀರು ನಿಂತಿತು. ಕೆಟ್ಟ ನಾತ. ನನಗೆ ಮಾತ್ರ ಅದನ್ನು ಕಂಡು ಸಂತೋಷವಾಯಿತು.

ಅದಕ್ಕೂ ಮುಂಚೆ ಒಂದು ತಪ್ಪು ಮಾಡಿದ್ದೆ. ದಿನಕ್ಕೆ 2 ಮಿಲಿಯಿಂದ ಶುರುಮಾಡಿ 4ಕ್ಕೆ ಬಂದಿದ್ದೆ. ಎರಡು ವಾರ ಕಳೆದರೂ ನೈಟ್ರೇಟ್ ಇಳಿಯಲಿಲ್ಲ. ತಾಳ್ಮೆ ಕಳೆದುಕೊಂಡು ಒಂದು ಸಂಜೆ 16 ಮಿಲಿ ಹಾಕಿಬಿಟ್ಟೆ. ಆ ರಾತ್ರಿ ಕರೆಂಟ್ ಹೋಯಿತು. ಬೆಳಗಾಗುವಷ್ಟರಲ್ಲಿ ನೀರು ಅಕ್ಕಿ ತೊಳೆದಂತೆ ಬೆಳ್ಳಗಾಗಿ, ಎರಡೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಲೆಕ್ಕ ಹಾಕಿ ನೋಡಿದ್ದು ಆಮೇಲೆ. 16 ಮಿಲಿಯಲ್ಲಿ 800 ಮಿಲಿಗ್ರಾಂ ಅಸಿಟಿಕ್ ಆಮ್ಲ. ಬ್ಯಾಕ್ಟೀರಿಯಾ ಅದನ್ನು ಪೂರ್ತಿ ಉರಿಸಿದರೆ ಸುಮಾರು 850 ಮಿಲಿಗ್ರಾಂ ಆಮ್ಲಜನಕ ಬೇಕು. 26 ಡಿಗ್ರಿಯ 200 ಲೀಟರ್ ಉಪ್ಪುನೀರಿನಲ್ಲಿ ಕರಗಿರುವುದೇ ಹೆಚ್ಚೆಂದರೆ 1,300 ಮಿಲಿಗ್ರಾಂ. ಪಂಪು, ಸ್ಕಿಮ್ಮರ್ ನಿಂತ ಮೇಲೆ ಹೊಸ ಗಾಳಿ ಸೇರುವ ದಾರಿ ಕಡಿಮೆ. ಬ್ಯಾಟರಿಯ ಗಾಳಿಪಂಪು ಹಚ್ಚಿ, ಐದನೆಯ ಒಂದು ಪಾಲು ನೀರು ಬದಲಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮೀನು ಕೆಳಗಿಳಿದವು.

ಈಗ ಬೆಳಿಗ್ಗೆ, ದೀಪ ಹತ್ತಿದ ಮೇಲಷ್ಟೇ ಹಾಕುತ್ತೇನೆ. ಹವಳದ ಮೈಯೊಳಗೇ ಬದುಕಿ ಅದಕ್ಕೆ ಊಟ ಕೊಡುವ ಪಾಚಿ ಬೆಳಕಿನಲ್ಲಿ ಆಮ್ಲಜನಕ ಬಿಡುವ ಹೊತ್ತು ಅದು, ವಿನೆಗರ್ ಇಳಿಸುವ ಪಿಎಚ್ ಕೂಡ ಆಗ ಬೇಗ ಸರಿಹೋಗುತ್ತದೆ. ಏರಿಸುವುದಾದರೆ ವಾರಕ್ಕೊಮ್ಮೆ, 1 ಮಿಲಿ. ನೈಟ್ರೇಟ್ 8ಕ್ಕೆ ಇಳಿದಿದೆ, ಅಲ್ಲಿಗೆ ಸಾಕು. ಪೂರ್ತಿ ಸೊನ್ನೆ ಮಾಡಿದರೆ ಆ ಪಾಚಿಗೇ ಉಪವಾಸ, ಹವಳ ಬಿಳಿಚಿಕೊಳ್ಳುತ್ತದೆ. ಅಣ್ಣನ ಗೋವಿನಜೋಳದ ಗತಿಯೇ ಅದಕ್ಕೂ.

ಅಣ್ಣ ಹೊರಡುವಾಗ ರವದಿಯ ಮಾತಿಗೇ ಬಂದ. ಈ ಸಲ ಸೆಗಣಿ ರಾಡಿ ಹೊಡೆದು, ತೇವ ಬಿಟ್ಟು, ಕೊಳೆಯಲು ಎರಡು ಮೂರು ತಿಂಗಳು ಕೊಟ್ಟು ಆಮೇಲೆ ಬಿತ್ತುತ್ತಾನಂತೆ.